ಊರಿನ ಸಿನಿಮಾ ಊರವರೇ ತೆಗೆಯಬೇಕು

 

ಕಳೆದ ಸಲದ ಗೋಡೆ ಪತ್ರಿಕೆಯಲ್ಲಿ ಎಂಟು ಮಂದಿ ಬರೆದಿದ್ದರು. ಅದರಲ್ಲಿ ಐದು ಮಂದಿ ‘ನಮ್ಮ ಊರು’ ಎಂಬ ಪ್ರಬಂಧವನ್ನೇ ಬರೆದಿದ್ದರು. ಐದರಲ್ಲೂ ನಮ್ಮ ಊರು ಸುಂದರವಾಗಿದೆ, ಹಚ್ಚ ಹಸಿರಾದ ಹೊಲಗಳಿವೆ, ಜನರು ಅನ್ಯೋನ್ಯವಾಗಿದ್ದಾರೆ ಎಂದೇ ಇತ್ತು. ಬರೆದವರು ಸಿಟ್ಟಾಗಬೇಡಿರಿ, ಆದರೆ ಅದನ್ನು ಯಾವ ಊರಿನ ಬಗ್ಗೆ ಬೇಕಾದರೂ ಬರೆಯಬಹುದು. ನಮ್ಮೂರನ್ನು ನೋಡದೇ ಇದ್ದವರೂ ಬರೆಯಬಹುದು. ಅನ್ಯೋನ್ಯವಾಗಿದ್ದಾರೆ ಎಂದು ಬರೆದವನ ಮನೆಯವರಿಗೂ ಪಕ್ಕದ ಮನೆಯವರಿಗೂ ಬದುವಿನ ಸಲುವಾಗಿ ಮಾತೇ ಇಲ್ಲ, ಅದು ಎಲ್ಲರಿಗೂ ಗೊತ್ತು.

ಆದ್ದರಿಂದ ಈ ಸಲ ನಾನು ತಮ್ಮ ಊರನ್ನು ಇದ್ದ ಹಾಗೆ ತೋರಿಸಿದ ಒಬ್ಬರ ಬಗ್ಗೆ ಬರೆಯಲು ಇಚ್ಛಿಸುತ್ತೇನೆ. ಅವರ ಹೆಸರು ರೀಮಾ ದಾಸ್. ಅಸ್ಸಾಂ ರಾಜ್ಯದವರು. ಅವರು ತೆಗೆದ ‘ವಿಲೇಜ್ ರಾಕ್‌ಸ್ಟಾರ್ಸ್’ ಎಂಬ ಸಿನಿಮಾವನ್ನು ಅಕ್ಕೋರು ಒಂದು ಶನಿವಾರ ನಮ್ಮ ಇಯತ್ತೆಗೆ ತೋರಿಸಿದರು. ಐದು, ಆರನೇ ಇಯತ್ತೆಯವರಿಗೆ ಕೋಣೆಯಲ್ಲಿ ಜಾಗ ಆಗಲಿಲ್ಲ, ಅವರು ಕಿಟಕಿಯಿಂದ ನೋಡಿದರು. ಸಿನಿಮಾ 87 ನಿಮಿಷದ್ದು. ಆದರೆ ಮಾತು ಅಸ್ಸಾಮಿ ಭಾಷೆಯಲ್ಲಿ, ಕೆಳಗೆ ಬರುವ ಅಕ್ಷರ ಇಂಗ್ಲಿಷಿನಲ್ಲಿ. ಅಕ್ಕೋರು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದ್ದರಿಂದ ಎರಡೂವರೆ ತಾಸು ಹಿಡಿಯಿತು. ‘ಮಾ’ ಎಂದು ಕರೆಯುವುದೊಂದು ಮಾತ್ರ ಹೇಳದೆಯೇ ತಿಳಿಯಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಊರಿನ ಸಿನಿಮಾ ತೆಗೆಯುವುದಾದರೆ ಆ ಊರವರೇ ತೆಗೆಯಬೇಕು. ಇಲ್ಲವಾದರೆ ತೆಗೆಯುವವರು ಆ ಊರಲ್ಲಿ ಬಹಳ ದಿನ ಇರಬೇಕು, ಊರವರನ್ನು ಜೊತೆಗೆ ಕೂಡಿಸಿಕೊಂಡು ಕೆಲಸ ಮಾಡಬೇಕು. ಮುಂಜಾನೆ ಗಾಡಿಯಲ್ಲಿ ಬಂದು ಸಂಜೆ ಹೋಗುವವರು ತೆಗೆಯಬಾರದು. ಯಾಕೆ ಎಂಬುದನ್ನು ಬರೆಯುತ್ತೇನೆ.

ರೀಮಾ ದಾಸ್ ಅವರ ಊರು ಕಾಮರೂಪ ಜಿಲ್ಲೆಯ ಛಯಗಾಂವ್ ಹತ್ತಿರದ ಒಂದು ಹಳ್ಳಿ. ನಕಾಶೆಯಲ್ಲಿ ಗುವಾಹಟಿಯನ್ನು ಹುಡುಕಿರಿ, ಅದರ ಎಡಗಡೆಗೆ ಬರುತ್ತದೆ. ಬ್ರಹ್ಮಪುತ್ರಾ ನದಿಯ ಬಯಲು ಅದು. ಅವರಿಗೆ ನಟಿ ಆಗಬೇಕೆಂದು ಆಸೆ ಇತ್ತು. ಓದು ಮುಗಿಸಿ ಮುಂಬಯಿಗೆ ಹೋದರು. ಪ್ರೇಮಚಂದರ ಗೋದಾನ ಕಾದಂಬರಿಯನ್ನು ನಾಟಕ ಮಾಡಿದಾಗ ಅದರಲ್ಲಿ ಪಾತ್ರವನ್ನೂ ಮಾಡಿದರು. ಆದರೆ ಸಿನಿಮಾ ನಟಿಯಾಗುವ ಕನಸು ಅಂದುಕೊಂಡಂತೆ ಆಗಲಿಲ್ಲ. ನಮ್ಮೂರಲ್ಲಿ ಪುಣೆಗೋ ಬೆಂಗಳೂರಿಗೋ ಹೋಗಿ ಹಾಗೆಯೇ ತಿರುಗಿ ಬಂದವರನ್ನು “ಹೋದ ಪುಟ್ಟಾ ಬಂದ ಪುಟ್ಟಾ” ಎಂದು ಕಟ್ಟೆಯ ಮೇಲೆ ಕುಂತವರು ನಗುತ್ತಾರೆ. ರೀಮಾ ಅವರು ಊರಿಗೆ ಬಂದರು, ಆದರೆ ಕ್ಯಾಮರಾ ಹಿಡಿದುಕೊಂಡು ಬಂದರು.

ಅವರು ಸಿನಿಮಾ ಕಲಿಸುವ ಯಾವ ಶಾಲೆಗೂ ಹೋದವರಲ್ಲ. ಬೇರೆಯವರ ಸಿನಿಮಾ ನೋಡಿ, ತಾವೇ ಮಾಡಿ ಮಾಡಿ ಕಲಿತರು. ಮೊದಲು ಊರ ಕಡೆಯೇ ‘ಅಂತರ್ದೃಷ್ಟಿ’ ಎಂಬ ಸಿನಿಮಾ ತೆಗೆದರು. ನೌಕರಿಯಿಂದ ನಿವೃತ್ತಿಯಾದವರೊಬ್ಬರಿಗೆ ಮಗ ದುರ್ಬೀನು ತಂದುಕೊಡುತ್ತಾನೆ, ಅದರ ಕಥೆ. ಅದು ಹೊರಬಂದದ್ದು 2016ರಲ್ಲಿ. ಅದನ್ನು ತೆಗೆಯುವಾಗಲೇ ಊರಿನ ಹುಡುಗರು ಥರ್ಮಾಕೋಲಿನಿಂದ ಗಿಟಾರು ಮಾಡಿಕೊಂಡು ಬ್ಯಾಂಡಿನವರ ಹಾಗೆ ಕುಣಿಯುವುದನ್ನು ಕಂಡರು. ಅಲ್ಲಿಂದ ಹುಟ್ಟಿದ್ದು ‘ವಿಲೇಜ್ ರಾಕ್‌ಸ್ಟಾರ್ಸ್’. ನಮ್ಮೂರಲ್ಲೂ ಗಣಪತಿ ಹಬ್ಬದಲ್ಲಿ ಹುಡುಗರು ಎಣ್ಣೆ ಡಬ್ಬಿಯನ್ನು ಹಲಗೆ ಮಾಡಿ ಬಾರಿಸುತ್ತಾರೆ. ನಾವು ಕಿವಿ ಮುಚ್ಚಿಕೊಳ್ಳುತ್ತೇವೆ, ಅಷ್ಟೇ. ಅದರಲ್ಲಿ ಒಂದು ಸಿನಿಮಾ ಇದೆ ಎಂದು ಯಾರಿಗೂ ಹೊಳೆಯಲಿಲ್ಲ.

ಕಥೆ ಹೇಳುತ್ತೇನೆ, ನೋಡದವರಿಗಾಗಿ. ಧುನು ಎಂಬ ಹತ್ತು ವರ್ಷದ ಹುಡುಗಿ. ತಂದೆ ಇಲ್ಲ, ಪ್ರವಾಹದಲ್ಲಿ ಸತ್ತಿದ್ದಾನೆ. ತಾಯಿ, ಅಣ್ಣ, ಮುನು ಎಂಬ ಒಂದು ಆಡು. ಧುನುವಿಗೆ ನಿಜವಾದ ಗಿಟಾರು ಬೇಕು. ರೊಕ್ಕ ಕೂಡಿಸುತ್ತಾಳೆ. ಅಷ್ಟರಲ್ಲಿ ಹೊಳೆ ಬಂದು ಪೈರು ಮುಳುಗುತ್ತದೆ. ಕೊನೆಗೆ ಏನಾಗುತ್ತದೆ ಎಂದು ಬರೆಯುವುದಿಲ್ಲ, ಸಣ್ಣ ಇಯತ್ತೆಯವರು ಇನ್ನೂ ಸರಿಯಾಗಿ ನೋಡಿಲ್ಲ.

ಮೊದಲ ಕಾಲು ತಾಸು ನಮ್ಮ ವರ್ಗದ ಹುಡುಗರು ಗದ್ದಲ ಹಾಕಿದರು. ಒಬ್ಬನಂತೂ, “ಅಕ್ಕೋರ, ಇದರಾಗ ಫೈಟಿಂಗ್ ಯಾವಾಗ ಬರತೈತ್ರಿ?” ಎಂದು ಮೂರು ಸಲ ಕೇಳಿದ. ಹೊಳೆ ಬರುವ ದೃಶ್ಯ ಬಂತು ನೋಡಿರಿ, ಎಲ್ಲರೂ ಗಪ್‌ಚಿಪ್ ಆದರು. ಯಾಕಂದರೆ ಅದು ನಮಗೆ ಗೊತ್ತಿದ್ದ ನೀರು. ಕೆಂಪು ನೀರು, ಸದ್ದಿಲ್ಲದೆ ಬರುವ ನೀರು. ಬೇರೆ ಸಿನಿಮಾಗಳಲ್ಲಿ ಪ್ರವಾಹ ಎಂದರೆ ದೊಡ್ಡ ಸದ್ದು, ಸಂಗೀತ, ಕಿರುಚಾಟ. ನಿಜವಾದ ಹೊಳೆ ಹಾಗೆ ಬರುವುದಿಲ್ಲ. ಮುಂಜಾನೆ ಎದ್ದು ನೋಡಿದರೆ ಹೊಸ್ತಿಲ ಹತ್ತಿರ ಇರುತ್ತದೆ. ರೀಮಾ ಅವರಿಗೆ ಅದು ಗೊತ್ತು, ಅವರು ಹೊಳೆಯ ಊರಿನವರು. ಅವರು ನೀರು ತರಿಸಲಿಲ್ಲ, ಬಂದ ನೀರನ್ನೇ ತೆಗೆದರು.

ಈಗ ನಾನು 2019ರ ಆಗಸ್ಟ್ ತಿಂಗಳ ಮಾತು ಹೇಳಬೇಕು. ಮಲಪ್ರಭಾ ಹೊಳೆ ಬಂದು ನಮ್ಮೂರು ಮುಳುಗಿದ್ದು ನಿಮಗೆಲ್ಲ ಗೊತ್ತೇ ಇದೆ. ನಾನು ಒಂದನೇ ಇಯತ್ತೆಯಲ್ಲಿ ಇದ್ದೆ. ಹೆಸರು, ಗೋವಿನಜೋಳ, ಉಳ್ಳಾಗಡ್ಡಿ ಎಲ್ಲ ಹೋಯಿತು. ನಾವೆಲ್ಲ ಗಂಜಿ ಕೇಂದ್ರದಲ್ಲಿ ಇದ್ದೆವು. ನೀರು ಸ್ವಲ್ಪ ಇಳಿದ ಮೇಲೆ ಒಂದು ದಿನ ಟಿ.ವಿ.ಯವರು ಬಂದರು. ನಮ್ಮ ಅಜ್ಜಿ ಮನೆ ಮುಂದಿನ ರಾಡಿಯಲ್ಲಿ ನಿಂತು ಭಾಂಡೆ ಹುಡುಕುತ್ತಿದ್ದಳು. ಅವರು ಅಜ್ಜಿಯನ್ನು ಇನ್ನಷ್ಟು ನೀರೊಳಗೆ ನಿಲ್ಲು ಎಂದರು. ಏನೇನು ಹೋಯಿತು ಹೇಳು ಎಂದರು. ಅಜ್ಜಿ ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ, ಹೋದರು. ರಾತ್ರಿ ಟಿ.ವಿ.ಯಲ್ಲಿ ಅಜ್ಜಿ ಅತ್ತದ್ದಷ್ಟೇ ಬಂತಂತೆ. ಬೀಗರ ಊರಿನಿಂದ ಫೋನ್ ಮೇಲೆ ಫೋನ್ ಬಂತು.

ಅಜ್ಜಿಗೆ ಈಗಲೂ ಅದರ ಸಿಟ್ಟು ಐತಿ. “ನಾ ನಡುರಾತ್ರಿ ಎದ್ದು ಎಮ್ಮಿ ಹಗ್ಗ ಬಿಚ್ಚಿ ದಿನ್ನಿಗೆ ಹೊಡೆದೆ, ಎಂಟು ಚೀಲ ಜ್ವಾಳ ಮಾಳಿಗಿ ಮ್ಯಾಲ ಏರಿಸಿದೆ, ಓಣಿಯವರನ್ನೆಲ್ಲ ಎಬ್ಬಿಸಿದೆ. ಅದನ್ಯಾರೂ ಕೇಳಲಿಲ್ಲ. ಅತ್ತದ್ದೊಂದ ತೋರಿಸಿದರು” ಎನ್ನುತ್ತಾಳೆ. ಅವರು ಸುಳ್ಳು ತೋರಿಸಲಿಲ್ಲ. ಅಜ್ಜಿ ಅತ್ತದ್ದು ಖರೇ. ಆದರೆ ಅದಕ್ಕಿಂತ ಮೊದಲು ಏನು ಮಾಡಿದಳು, ಆಮೇಲೆ ಏನು ಮಾಡಿದಳು ಎಂದು ತಿಳಿಯಲು ಅವರು ಇರಲೇ ಇಲ್ಲವಲ್ಲ!

ರೀಮಾ ದಾಸ್ ಅವರು ವಿಲೇಜ್ ರಾಕ್‌ಸ್ಟಾರ್ಸ್ ತೆಗೆಯಲು ಸುಮಾರು ನಾಲ್ಕು ವರ್ಷ ಹಿಡಿಯಿತು. ನಾಲ್ಕು ವರ್ಷ ಅಂದರೆ ನಾಲ್ಕು ಮಳೆಗಾಲ. ಸಿನಿಮಾ ನೋಡುತ್ತ ಹೋದಂತೆ ಧುನು ಎತ್ತರ ಆಗುವುದು ಕಣ್ಣಿಗೆ ಕಾಣುತ್ತದೆ. ಇದರಲ್ಲಿ ತಾಯಿ ಬರೀ ಅಳುವುದಿಲ್ಲ. ಮಗಳಿಗೆ ಈಸು ಕಲಿಸುತ್ತಾಳೆ. ಗಂಡ ನೀರಿನಲ್ಲಿ ಹೋದ ಮೇಲೆ ಮಗಳನ್ನು ಅದೇ ನೀರಿಗೆ ಇಳಿಸಲು ಎಷ್ಟು ಧೈರ್ಯ ಬೇಕು ಯೋಚಿಸಿರಿ. ಇದು ನಾಲ್ಕು ನಿಮಿಷ ಬಂದು ಹೋಗುವವರಿಗೆ ಸಿಗುವ ದೃಶ್ಯವಲ್ಲ.

ಇನ್ನು ಅವರು ಸಿನಿಮಾ ಮಾಡಿದ ರೀತಿ. ದೊಡ್ಡ ಕಂಪನಿಯ ರೊಕ್ಕ ಇಲ್ಲದೆ, ಹೆಸರಾಂತ ನಟರಿಲ್ಲದೆ ತಮ್ಮ ಮನಸ್ಸಿಗೆ ಬಂದಂತೆ ತೆಗೆಯುವ ಸಿನಿಮಾಕ್ಕೆ ಸ್ವತಂತ್ರ ಸಿನಿಮಾ ಎನ್ನುತ್ತಾರೆಂದು ಅಕ್ಕೋರು ಹೇಳಿದರು. ಇದರಲ್ಲಿ ಕಥೆ ಬರೆದದ್ದು, ಕ್ಯಾಮರಾ ಹಿಡಿದದ್ದು, ಕತ್ತರಿಸಿ ಜೋಡಿಸಿದ್ದು, ರೊಕ್ಕ ಹೊಂದಿಸಿದ್ದು, ನಿರ್ದೇಶನ ಮಾಡಿದ್ದು ಎಲ್ಲ ರೀಮಾ ಅವರೇ. ದೊಡ್ಡ ದೊಡ್ಡ ಲೈಟು ಇಲ್ಲ, ಸೂರ್ಯನ ಬೆಳಕೇ ಲೈಟು. ಧುನು ಆಗಿರುವ ಭನಿತಾ ದಾಸ್ ಅವರ ಸಂಬಂಧಿಕರ ಹುಡುಗಿ. ಉಳಿದ ಮಕ್ಕಳೂ ಅದೇ ಊರಿನವರು, ಯಾರೂ ಮೊದಲು ನಟಿಸಿದವರಲ್ಲ. ಧ್ವನಿ ಹಿಡಿದವರು ಮಲ್ಲಿಕಾ ದಾಸ್, ಅವರೂ ಸಂಬಂಧಿಕರೇ.

ಒಂದು ಮನೆಯವರು ಕೂಡಿ ಶಾವಿಗೆ ಹೊಸೆಯುವ ಹಾಗೆ ಇವರು ಸಿನಿಮಾ ಮಾಡಿದ್ದಾರೆ. ಆದರೆ ಹೋಗಿದ್ದು ಎಲ್ಲಿಗೆ ನೋಡಿರಿ. 2017ರಲ್ಲಿ ಕೆನಡಾ ದೇಶದ ಟೊರಾಂಟೊ ಚಿತ್ರೋತ್ಸವಕ್ಕೆ ಹೋಯಿತು. 2018ರಲ್ಲಿ 65ನೇ ರಾಷ್ಟ್ರ ಪ್ರಶಸ್ತಿಗಳು ಪ್ರಕಟವಾದಾಗ ದೇಶದ ಅತ್ಯುತ್ತಮ ಚಿತ್ರ ಇದೇ. ಅತ್ಯುತ್ತಮ ಬಾಲನಟಿ ಭನಿತಾ, ಸಂಕಲನಕ್ಕೆ ರೀಮಾ, ಸ್ಥಳದಲ್ಲೇ ಧ್ವನಿ ಹಿಡಿದದ್ದಕ್ಕೆ ಮಲ್ಲಿಕಾ. ಒಟ್ಟು ನಾಲ್ಕು! ಅದೇ ವರ್ಷ ಭಾರತದಿಂದ ಆಸ್ಕರ್ ಸ್ಪರ್ಧೆಗೆ ಕಳಿಸಿದ್ದೂ ಇದನ್ನೇ. ಅಸ್ಸಾಮಿ ಭಾಷೆಯ ಸಿನಿಮಾ ಹಾಗೆ ಹೋದದ್ದು ಅದೇ ಮೊದಲು. ಆಸ್ಕರ್ ಬರಲಿಲ್ಲ. ಬರದಿದ್ದರೆ ಏನಾಯಿತು?

ನಮ್ಮ ವರ್ಗದಲ್ಲಿ ಇದರ ಬಗ್ಗೆ ಬಹಳ ವಾದ ಆಯಿತು. ಒಬ್ಬ ಗೆಳೆಯ ಹೇಳಿದ, “ಬಡತನ ತೋರಿಸಿ ಹೊರದೇಶದಾಗ ಪ್ರಶಸ್ತಿ ತಗೊಂಡ್ರು, ಇದರಾಗೇನೈತಿ ದೊಡ್ಡದು? ನಿಮ್ಮ ಮನೀ ತೂತು ಬಿದ್ದ ಚಪ್ಪರ ತೋರಿಸಿದರ ನಿನಗ ಛಲೋ ಅನಸತೈತೇನು?” ಈ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ. ನಾನು ಎರಡು ದಿನ ಯೋಚಿಸಿದೆ. ನನ್ನ ಉತ್ತರ ಹೀಗಿದೆ. ಬಡತನ ತೋರಿಸುವುದು ತಪ್ಪಲ್ಲ, ಬಡತನವನ್ನಷ್ಟೇ ತೋರಿಸುವುದು ತಪ್ಪು. ಈ ಸಿನಿಮಾದಲ್ಲಿ ಮಕ್ಕಳು ಅಡಿಕೆ ಮರ ಹತ್ತುತ್ತಾರೆ, ರಾಡಿಯಲ್ಲಿ ಹೊರಳಾಡುತ್ತಾರೆ, ಜಗಳಾಡುತ್ತಾರೆ, ಹುಸಿ ಗಿಟಾರು ಬಾರಿಸುತ್ತಾರೆ. ಅವರನ್ನು ನೋಡಿ ನನಗೆ ಪಾಪ ಅನ್ನಿಸಲಿಲ್ಲ, ನಾನೂ ಅಲ್ಲಿ ಇರಬೇಕಿತ್ತು ಅನ್ನಿಸಿತು. ಮತ್ತೊಂದು ಮಾತು. ತಮ್ಮ ಮನೆಯ ಹುಡುಗಿಯನ್ನೇ ಕ್ಯಾಮರಾ ಮುಂದೆ ನಿಲ್ಲಿಸಿದವರು ಅವಳ ಮಾನ ಹೋಗುವ ಹಾಗೆ ತೋರಿಸಲಾರರು. ಮರುದಿನ ಅದೇ ಓಣಿಯಲ್ಲಿ ನಡೆಯಬೇಕು, ಅದೇ ಮನೆಯಲ್ಲಿ ಉಣ್ಣಬೇಕು. ಊರವರು “ಹಿಂಗ್ಯಾಕ ತೋರಿಸಿದಿ?” ಎಂದು ಕೇಳುತ್ತಾರೆ, ಉತ್ತರ ಕೊಡಬೇಕು. ಟಿ.ವಿ.ಯವರನ್ನು ನಮ್ಮಜ್ಜಿ ಎಲ್ಲಿ ಹೋಗಿ ಕೇಳುತ್ತಾಳೆ?

ಆದರೆ ಮನೆಯವರ ಸಿನಿಮಾ ತೆಗೆಯುವುದು ಸುಲಭ ಎಂದೂ ತಿಳಿಯಬಾರದು. ನಾನು ನಮ್ಮ ಅವ್ವನಿಗೆ, “ನಿನ್ನ ಸಿನಿಮಾ ತೆಗೀತೀನಿ, ರೊಟ್ಟಿ ಬಡಿ” ಎಂದು ಅಪ್ಪನ ಮೊಬೈಲ್ ಹಿಡಿದೆ. ಅವ್ವ ಕೊಣಮಿಗೆ ಹಿಟ್ಟು ಅಲ್ಲಿಯೇ ಬಿಟ್ಟು, “ತಡಿ, ಆ ಹಸರ ಸೀರಿ ಉಟ್ಕೊಂಡ ಬರ್ತೀನಿ” ಎಂದಳು. ಹಸಿರು ಸೀರೆ ಉಟ್ಟುಕೊಂಡು ಯಾರು ರೊಟ್ಟಿ ಬಡಿಯುತ್ತಾರೆ? ಆಮೇಲೆ ಫೋಟೋಕ್ಕೆ ಕುಂತ ಹಾಗೆ ನೆಟ್ಟಗೆ ಕುಂತು ಬಡಿದಳು, ರೊಟ್ಟಿ ಹರಿದು ಹೋಯಿತು. ಅವಳು ಕ್ಯಾಮರಾ ಮರೆಯಬೇಕಾದರೆ ನಾನು ಎಷ್ಟು ತಿಂಗಳು ಹಿಡಿದು ಕೂಡಬೇಕೋ! ನಾಲ್ಕು ವರ್ಷ ಯಾಕೆ ಬೇಕಾಯಿತು ಎಂದು ಆವಾಗ ನನಗೆ ತಿಳಿಯಿತು.

ಕನ್ನಡದಲ್ಲೂ ಹೀಗೆ ಊರಿನಿಂದ ಬಂದ ಸಿನಿಮಾಗಳಿವೆ ಎಂದು ಅಕ್ಕೋರು ಹೇಳಿದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದ ‘ತಿಥಿ’ಗೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಅದರಲ್ಲಿ ನಟಿಸಿದವರು ಹಳ್ಳಿಯ ಜನರೇ. ನಿರ್ದೇಶಕ ರಾಮ್ ರೆಡ್ಡಿ ಅವರು ಆ ಊರಿನವರಲ್ಲ. ಆದರೆ ಅವರ ಜೊತೆ ಕೂಡಿ ಕಥೆ ಬರೆದ ಈರೇಗೌಡ ಅವರು ಆ ಊರಲ್ಲೇ ಬೆಳೆದವರು. ಅದಕ್ಕೇ ನಾನು ಮೇಲೆ ‘ಊರವರನ್ನು ಜೊತೆಗೆ ಕೂಡಿಸಿಕೊಂಡು’ ಎಂದು ಬರೆದದ್ದು. ಹಾಗೆಯೇ ಉತ್ತರ ಕನ್ನಡ ಜಿಲ್ಲೆಯ ನಟೇಶ ಹೆಗಡೆ ಅವರು 2021ರಲ್ಲಿ ‘ಪೆದ್ರೊ’ ತೆಗೆದಾಗ ತಮ್ಮ ತಂದೆ ಗೋಪಾಲ ಹೆಗಡೆ ಅವರಿಂದಲೇ ಮುಖ್ಯ ಪಾತ್ರ ಮಾಡಿಸಿದರು. ಇವೆರಡನ್ನೂ ನಾನು ನೋಡಿಲ್ಲ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ.

ರೀಮಾ ದಾಸ್ ಅವರೂ ಒಂದು ಸಿನಿಮಾಕ್ಕೆ ನಿಲ್ಲಲಿಲ್ಲ. 2018ರಲ್ಲಿ ಆ ಕಡೆಯ ಹದಿಹರೆಯದ ಹುಡುಗ ಹುಡುಗಿಯರ ಬಗ್ಗೆ ‘ಬುಲ್‌ಬುಲ್ ಕ್ಯಾನ್ ಸಿಂಗ್’ ತೆಗೆದರು. 2022ರ ‘ತೋರಾಸ್ ಹಸ್ಬೆಂಡ್’ ಸಿನಿಮಾದಲ್ಲಿ ಮುಖ್ಯ ಪಾತ್ರ ಅವರ ಸ್ವಂತ ಸಹೋದರನಿಂದ ಮಾಡಿಸಿದರು. ಕೊರೊನಾ ಕಾಲದಲ್ಲಿ ವ್ಯಾಪಾರ ನಡೆಯದೆ ಒದ್ದಾಡುವವನ ಕಥೆ ಅದು. 2024ರಲ್ಲಿ ವಿಲೇಜ್ ರಾಕ್‌ಸ್ಟಾರ್ಸ್ ಎರಡನೇ ಭಾಗ ಬಂತು. ಅದರಲ್ಲಿ ಅದೇ ಭನಿತಾ, ಈಗ ದೊಡ್ಡವಳು. ಅದಕ್ಕೂ ಕೊರಿಯಾ ದೇಶದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿದೆ. ಅಂದರೆ ಹತ್ತು ವರ್ಷದ ಮೇಲಾಯಿತು, ಅವರಿಗೆ ಊರು ಮುಗಿದೇ ಇಲ್ಲ! “ನಮ್ಮೂರಾಗ ಏನೈತಿ ಬರಿಯೂದು?” ಎಂದು ಕೇಳುವವರು ಇದನ್ನು ಲೆಕ್ಕ ಹಾಕಿ ನೋಡಬೇಕು.

ನನಗೆ ಈ ಸಿನಿಮಾದಲ್ಲಿ ಎಲ್ಲವೂ ಸೇರಿತು ಎಂದೇನಿಲ್ಲ. ಅಲ್ಲಲ್ಲಿ ಮೋಡ, ಹೊಲ, ನೀರು ತೋರಿಸುತ್ತ ಬಹಳ ಹೊತ್ತು ಮಾಡುತ್ತಾರೆ. ಪೈರು ಹೋದ ವರ್ಷ ಆ ತಾಯಿ ಸಾಲ ಯಾರ ಹತ್ತಿರ ತಂದಳು, ಬಡ್ಡಿ ಎಷ್ಟು, ಪರಿಹಾರ ಬಂತೋ ಇಲ್ಲವೋ ಎಂಬುದನ್ನು ಇನ್ನಷ್ಟು ತೋರಿಸಬೇಕಿತ್ತು. ಹೊಳೆ ಬಂದು ಹೋದ ಮೇಲೆ ನಮ್ಮ ಮನೆಗಳಲ್ಲಿ ಆಡುವ ಮಾತು ಅದೇ ಅಲ್ಲವೇ?

ಕೊನೆಗೆ ಒಂದು ಮಾತು. ಇದನ್ನು ಗೋಡೆಗೆ ಹಚ್ಚುವ ಪತ್ರಿಕೆಯಲ್ಲಿ ಬರೆಯಬಹುದೋ ಬಾರದೋ ಎಂದು ಅಕ್ಕೋರನ್ನು ಕೇಳಿದೆ. ಬರಿ ಎಂದರು. ಸಿನಿಮಾದ ನಡುವೆ ಧುನು ದೊಡ್ಡವಳಾಗುತ್ತಾಳೆ. ನಮ್ಮಲ್ಲಿ ಆರತಿ ಮಾಡುವಂತೆ ಅಲ್ಲಿಯೂ ಹೆಂಗಸರು ಕೂಡಿ ಶಾಸ್ತ್ರ ಮಾಡುತ್ತಾರೆ, ಸೀರೆಯಂಥ ಬಟ್ಟೆ ಉಡಿಸುತ್ತಾರೆ. ಆಮೇಲೂ ಧುನು ಹುಡುಗರ ಜೊತೆ ಮರ ಹತ್ತುತ್ತಾಳೆ. ಊರ ಹೆಂಗಸರು ಬಂದು ಬೈಯುತ್ತಾರೆ. ತಾಯಿ ಮಗಳ ಪರವಾಗಿ ನಿಲ್ಲುತ್ತಾಳೆ. ಹುಡುಗಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಅಕ್ಕ ಖೋ-ಖೋದಲ್ಲಿ ತಾಲೂಕು ಮಟ್ಟಕ್ಕೆ ಹೋಗಿದ್ದಳು. ಎಂಟನೇ ಇಯತ್ತೆಯಲ್ಲಿ ಆರತಿ ಆಯಿತು, ಖೋ-ಖೋ ಬಿಡಿಸಿದರು. ಮುಂದಿನ ವರ್ಷ ಹೈಸ್ಕೂಲೂ ಬಿಡಿಸಿದರು, ಯಾಕಂದರೆ ಅದು ಹೊಳೆ ಆಚೆಯ ಊರಲ್ಲಿದೆ. ಯಾರೂ ಕೆಟ್ಟವರಲ್ಲ, ಅವ್ವನೂ ಅಪ್ಪನೂ ಅಕ್ಕನ ಮೇಲೆ ಜೀವ ಇಟ್ಟವರೇ. ಆದರೆ “ಮಂದಿ ಏನಂತಾರ” ಎಂಬ ಮಾತಿಗೆ ಉತ್ತರ ಕೊಡುವ ಒಬ್ಬ ತಾಯಿಯನ್ನು ಅವ್ವ ಎಲ್ಲಿಯೂ ನೋಡಿಲ್ಲ. ಧಾರಾವಾಹಿಯಲ್ಲಿ ಅಂಥವರು ಬರುವುದಿಲ್ಲ. ಹೊರಗಿನವರು ಯಾರೋ ಬಂದು ಹೆಣ್ಣುಮಕ್ಕಳನ್ನು ಓದಿಸಿರಿ ಎಂದು ಭಾಷಣ ಮಾಡಿದರೆ ಅವ್ವ ತಲೆ ಅಲ್ಲಾಡಿಸುತ್ತಾಳೆ, ಮನೆಗೆ ಬಂದು ಮರೆಯುತ್ತಾಳೆ. ಸಿನಿಮಾದ ಆ ತಾಯಿ ಹಾಗಲ್ಲ. ಗದ್ದೆಯಲ್ಲಿ ದುಡಿದವಳು, ಹೊಳೆ ಕಂಡವಳು, ಗಂಡ ಇಲ್ಲದವಳು. ಅವಳ ಮಾತಾದರೆ ಅವ್ವ ಕೇಳಬಹುದು.

ಬರುವ ವರ್ಷ ನಾನು ಎಂಟನೇ ಇಯತ್ತೆ. ನಮ್ಮ ವರ್ಗದಲ್ಲಿ ನನ್ನ ಹಾಗೆ ಇನ್ನೂ ಹನ್ನೊಂದು ಹುಡುಗಿಯರು ಇದ್ದಾರೆ. ಆದ್ದರಿಂದ ಗುರುಗಳಲ್ಲಿ ನನ್ನ ಕಳಕಳಿಯ ವಿನಂತಿ ಏನೆಂದರೆ, ಮುಂದಿನ ತಾಯಂದಿರ ಸಭೆಯ ದಿನ ಈ ಸಿನಿಮಾವನ್ನು ಇನ್ನೊಮ್ಮೆ ತೋರಿಸಬೇಕು. ಸಭೆಯನ್ನು ಮಧ್ಯಾಹ್ನ ಇಟ್ಟರೆ ಕಸ ತೆಗೆಯಲು ಹೋದವರು ಬರುವುದಿಲ್ಲ, ಸಂಜೆ ಇಡಬೇಕು. ಕನ್ನಡದಲ್ಲಿ ಹೇಳುವ ಕೆಲಸ ಈ ಸಲ ನಾನು ಮಾಡುತ್ತೇನೆ, ಅಕ್ಕೋರು ಹೇಳಿದ್ದನ್ನೆಲ್ಲ ವಹಿಯಲ್ಲಿ ಬರೆದುಕೊಂಡಿದ್ದೇನೆ. ಕರೆಂಟು ಆರು ಗಂಟೆಗೆ ಹೋಗಿ ಏಳಕ್ಕೆ ಬರುತ್ತದೆ, ಅದನ್ನೂ ನೋಡಿಕೊಂಡು ವೇಳೆ ಇಡಿರಿ.

ಇಂತಿ ನಿಮ್ಮ,
ಏಳನೇ ಇಯತ್ತೆಯ ವಿದ್ಯಾರ್ಥಿನಿ
(ಹಾಳೆ ಸಾಲದ್ದಕ್ಕೆ ಚಿತ್ರ ಬಿಡಿಸಿಲ್ಲ. ಆಡಿನ ಚಿತ್ರ ಆರನೇ ಇಯತ್ತೆಯವರು ಬಿಡಿಸಿ ಪಕ್ಕಕ್ಕೆ ಹಚ್ಚಬಹುದು.)